ನಿಯಮ ಅಳಿಸುವ ಮುನ್ನ ಲಾಗ್ ನೋಡಿ

ಆಫೀಸು ತಲುಪಿದ ಕೂಡಲೇ ಫೋನ್ ತಾನಾಗಿಯೇ ಸೈಲೆಂಟ್ ಆಗಬೇಕು, ಸಂಜೆ ಹೊರಬಿದ್ದ ಮೇಲೆ ಮತ್ತೆ ರಿಂಗಾಗಬೇಕು, ರಾತ್ರಿ ಪರದೆಯ ಬೆಳಕು ಇಳಿಯಬೇಕು. ಇಂಥ ಕೆಲಸಕ್ಕೆ ನಿಯಮ ಬರೆದಿಡಲು ಆಂಡ್ರಾಯ್ಡ್ ಫೋನಿನಲ್ಲಿ ಮ್ಯಾಕ್ರೋಡ್ರಾಯ್ಡ್, ಟಾಸ್ಕರ್, ಆಟೋಮೇಟ್ ಮುಂತಾದ ಆ್ಯಪ್‌ಗಳಿವೆ. ಹಾಕಿಕೊಂಡವರ ದೂರು ಮಾತ್ರ ಒಂದೇ: ಎರಡು ದಿನ ಚೆನ್ನಾಗಿ ನಡೆಯಿತು, ಆಮೇಲೆ ಕೈಕೊಟ್ಟಿತು. ಆಗ ಬಹುತೇಕರು ನಿಯಮವನ್ನು ಅಳಿಸಿ ಹೊಸದಾಗಿ ಬರೆಯುತ್ತಾರೆ. ಅದೂ ಕೈಕೊಟ್ಟರೆ ಆ್ಯಪನ್ನೇ ತೆಗೆದುಹಾಕುತ್ತಾರೆ. ಆದರೆ ಎರಡು ದಿನ ನಡೆದ ನಿಯಮದಲ್ಲಿ ತಪ್ಪಿರುವ ಸಾಧ್ಯತೆ ತೀರಾ ಕಡಿಮೆ. ತೊಂದರೆ ಎಲ್ಲಿದೆ ಎಂದು ಹುಡುಕಲು ಒಂದು ಕ್ರಮವಿದೆ. ಮ್ಯಾಕ್ರೋಡ್ರಾಯ್ಡನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಉಳಿದವಕ್ಕೂ ದಾರಿ ಇದೇ.

ಮೊದಲು ಕೆಲಸವನ್ನಷ್ಟೇ ಪರೀಕ್ಷಿಸಿ

ಪ್ರತಿ ನಿಯಮದಲ್ಲೂ ಎರಡು ಭಾಗ: ಯಾವಾಗ ನಡೆಯಬೇಕು ಎಂಬ ಟ್ರಿಗರ್, ಏನು ನಡೆಯಬೇಕು ಎಂಬ ಆ್ಯಕ್ಷನ್. ನಿಯಮವನ್ನು ತೆರೆದು, ಮೇಲಿನ ಮೂರು ಚುಕ್ಕೆಯ ಮೆನುವಿನಿಂದ ಟೆಸ್ಟ್ ಮಾಡಿ. ಟ್ರಿಗರ್‌ಗೆ ಕಾಯದೆ ಆ್ಯಕ್ಷನ್ ಮಾತ್ರ ನಡೆಯುತ್ತದೆ. ಆಗಲೂ ಫೋನ್ ಸೈಲೆಂಟ್ ಆಗದಿದ್ದರೆ ಅನುಮತಿ ಸಿಕ್ಕಿಲ್ಲ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ‘ಸ್ಪೆಷಲ್ ಆ್ಯಪ್ ಆ್ಯಕ್ಸೆಸ್’ ಹುಡುಕಿ. ಸೈಲೆಂಟ್ ಮಾಡಲು ‘ಡು ನಾಟ್ ಡಿಸ್ಟರ್ಬ್’ ಅನುಮತಿ, ಬೆಳಕು ಬದಲಿಸಲು ‘ಮಾಡಿಫೈ ಸಿಸ್ಟಮ್ ಸೆಟ್ಟಿಂಗ್ಸ್’ ಅನುಮತಿ ಬೇಕು.

ವೈಫೈ ಆನ್–ಆಫ್ ಮಾಡುವ ನಿಯಮಕ್ಕೆ ಹೆಚ್ಚು ಸಮಯ ಕಳೆಯಬೇಡಿ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ ಸಾಮಾನ್ಯ ಆ್ಯಪ್‌ಗಳಿಗೆ ಆ ಅಧಿಕಾರವೇ ಇಲ್ಲ. ಸುತ್ತುಬಳಸಿನ ದಾರಿಗಳಿವೆ, ಹೊಸಬರು ಅತ್ತ ಹೋಗದಿರುವುದೇ ಒಳ್ಳೆಯದು.

ಲಾಗ್ ಏನು ಹೇಳುತ್ತದೆ?

ಆ್ಯಕ್ಷನ್ ಸರಿಯಿದ್ದರೆ, ಯಾವ ಹೊತ್ತಿಗೆ ಏನು ನಡೆಯಿತೆಂದು ಆ್ಯಪ್ ಬರೆದಿಡುವ ‘ಸಿಸ್ಟಮ್ ಲಾಗ್’ ತೆರೆಯಿರಿ. ಟಾಸ್ಕರ್‌ನಲ್ಲಿ ಇದಕ್ಕೆ ‘ರನ್ ಲಾಗ್’ ಎನ್ನುತ್ತಾರೆ. ಬೆಳಿಗ್ಗೆ 9.30ಕ್ಕೆ ನಡೆಯಬೇಕಿದ್ದ ನಿಯಮ ನಡೆದಿಲ್ಲ ಎಂದುಕೊಳ್ಳಿ. ಲಾಗ್‌ನಲ್ಲಿ 8.12ರ ಒಂದು ಸಾಲಿದೆ, ಮುಂದಿನ ಸಾಲು 11.05ರದ್ದು, ಅಂದರೆ ನೀವೇ ಆ್ಯಪ್ ತೆರೆದ ಹೊತ್ತು. ನಡುವೆ ಏನೂ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಆ್ಯಪ್ ನಡೆಯುತ್ತಲೇ ಇರಲಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಬೇರೆ ನಿಯಮಗಳು ನಡೆದು ಇದೊಂದೇ ನಡೆಯದಿದ್ದರೆ ಟ್ರಿಗರ್ ನೋಡಬೇಕು.

ಖಚಿತವಾಗಬೇಕಿದ್ದರೆ, ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಲಾಗ್‌ನಲ್ಲಿ ಒಂದು ಸಾಲು ಬರೆಯುವ ತಾತ್ಕಾಲಿಕ ನಿಯಮ ಮಾಡಿ ಒಂದು ದಿನ ಬಿಡಿ. ಐದು–ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ಸಾಲುಗಳು ಗಂಟೆಗಟ್ಟಲೆ ನಿಂತೇ ಹೋಗಿದ್ದರೆ ಯಾವಾಗ ನಿಂತಿತು ಎಂಬುದು ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಆ ನಿಯಮವನ್ನು ತೆಗೆದುಬಿಡಿ.

ಬೀಗ ಒಂದಲ್ಲ, ಎರಡು

ಹೆಚ್ಚಿನವರು ಎಡವುವುದು ಇಲ್ಲೇ. ಬ್ಯಾಟರಿ ಉಳಿಸಲು ಬಳಸದೆ ಬಿದ್ದಿರುವ ಫೋನಿನಲ್ಲಿ ಆ್ಯಪ್‌ಗಳನ್ನು ತಡೆಹಿಡಿಯುವ ವ್ಯವಸ್ಥೆಯನ್ನು ಗೂಗಲ್ 2015ರ ಆಂಡ್ರಾಯ್ಡ್ 6ರಲ್ಲಿ ತಂದಿತು. ಆ್ಯಪ್ ಹಾಕಿದಾಗ ‘ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಹೊರಗಿಡಲೇ?’ ಎಂಬ ಪ್ರಶ್ನೆ ಬರುತ್ತದೆ. ಜನ ‘ಅಲೋ’ ಒತ್ತಿ, ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಅದರಿಂದ ತೆರೆದದ್ದು ಗೂಗಲ್ ಹಾಕಿದ ಬೀಗ ಮಾತ್ರ. ಫೋನ್ ತಯಾರಿಸುವ ಅನೇಕ ಕಂಪನಿಗಳು ತಮ್ಮದೇ ಇನ್ನೊಂದು ಬೀಗ ಜಡಿದಿರುತ್ತವೆ. ಅದರ ಬಗ್ಗೆ ಯಾವ ಪ್ರಶ್ನೆಯೂ ಪರದೆಯ ಮೇಲೆ ಬರುವುದಿಲ್ಲ, ನೀವೇ ಹುಡುಕಿಕೊಂಡು ಹೋಗಬೇಕು.

ಶಓಮಿ, ರೆಡ್ಮಿ, ಪೋಕೋ ಫೋನುಗಳಲ್ಲಿ ಆ್ಯಪ್ ಇನ್ಫೋಗೆ ಹೋಗಿ ‘ಆಟೋಸ್ಟಾರ್ಟ್’ ಆನ್ ಮಾಡಿ, ಅಲ್ಲೇ ಬ್ಯಾಟರಿ ಸೇವರ್‌ನಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಆರಿಸಿ. ಎರಡೂ ಬೇಕು, ಒಂದು ಮಾಡಿ ಇನ್ನೊಂದು ಬಿಟ್ಟರೆ ಉಪಯೋಗವಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಸೆಟ್ಟಿಂಗ್ಸ್‌ನೊಳಗೆ ‘ಸ್ಲೀಪಿಂಗ್’, ‘ಡೀಪ್ ಸ್ಲೀಪಿಂಗ್’ ಎಂಬ ಪಟ್ಟಿಗಳಿವೆ. ಆ್ಯಪ್ ಅಲ್ಲಿದ್ದರೆ ತೆಗೆದು, ಎಂದೂ ನಿದ್ದೆಗೆ ಕಳುಹಿಸದ ಆ್ಯಪ್‌ಗಳ ಪಟ್ಟಿಗೆ ಸೇರಿಸಿ. ವಿವೋ, ಒಪ್ಪೋ, ರಿಯಲ್‌ಮಿಗಳಲ್ಲಿ ಆಟೋ ಸ್ಟಾರ್ಟ್ ಮತ್ತು ಹಿನ್ನೆಲೆಯಲ್ಲಿ ನಡೆಯುವ ಅನುಮತಿ ಬೇರೆ ಬೇರೆ ಕಡೆ ಇರುತ್ತವೆ. ಮೆನುವಿನ ಹೆಸರು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ಆಟೋ’, ‘ಬ್ಯಾಕ್‌ಗ್ರೌಂಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ಸುಲಭ.

ಇಷ್ಟು ಮಾಡಿಯೂ ಕೆಲವರು ಸಂಜೆ ಹೊತ್ತಿಗೆ ಎಲ್ಲವನ್ನೂ ಹಾಳುಮಾಡಿಕೊಳ್ಳುತ್ತಾರೆ. ತೆರೆದ ಆ್ಯಪ್‌ಗಳ ಪಟ್ಟಿಯಲ್ಲಿ ‘ಕ್ಲಿಯರ್ ಆಲ್’ ಒತ್ತುವ ಚಟ ಅನೇಕರಿಗಿದೆ. ಕೆಲವು ಕಂಪನಿಗಳ ಫೋನಿನಲ್ಲಿ ಹಾಗೆ ಒತ್ತಿದರೆ ಹಿನ್ನೆಲೆಯ ಆ್ಯಪ್ ಪೂರ್ತಿ ಸಾಯುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿದರೆ ಹಲವು ಫೋನುಗಳಲ್ಲಿ ಬೀಗದ ಗುರುತು ಕಾಣುತ್ತದೆ, ಅದನ್ನು ಹಾಕಿಡಿ. ‘ಫೋರ್ಸ್ ಸ್ಟಾಪ್’ ಅಂತೂ ಮುಟ್ಟಲೇಬೇಡಿ. ಆ್ಯಪ್ ಇಟ್ಟುಕೊಂಡಿದ್ದ ಸಮಯದ ಲೆಕ್ಕವೆಲ್ಲ ರದ್ದಾಗಿ, ನೀವು ಕೈಯಾರೆ ತೆರೆಯುವವರೆಗೆ ಅದು ಏಳುವುದಿಲ್ಲ. ಫೋನ್ ‘ಸ್ವಚ್ಛ’ಗೊಳಿಸುವ, ವೇಗ ಹೆಚ್ಚಿಸುವ ಕ್ಲೀನರ್, ಬೂಸ್ಟರ್ ಆ್ಯಪ್‌ಗಳಿದ್ದರೆ ಇವತ್ತೇ ತೆಗೆದುಹಾಕಿ. ಅವುಗಳಿಂದ ಆಗುವ ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇದೆಲ್ಲ ಆದ ಮೇಲೆ ಫೋನ್ ಆಫ್ ಮಾಡಿ ಆನ್ ಮಾಡಿ. ಪಿನ್ ಹಾಕಿ ಲಾಕ್ ತೆರೆಯಿರಿ, ಆ್ಯಪ್ ಮಾತ್ರ ತೆರೆಯಬೇಡಿ. ನಿಯಮ ತಾನಾಗಿ ನಡೆದರೆ ಎರಡೂ ಬೀಗ ತೆರೆದಿವೆ. ಫೋನಿಗೆ ದೊಡ್ಡ ಅಪ್‌ಡೇಟ್ ಬಂದಾಗ ಈ ಸೆಟ್ಟಿಂಗ್‌ಗಳು ಹಳೆಯ ಸ್ಥಿತಿಗೆ ಮರಳಬಹುದು, ಆಗ ಮತ್ತೊಮ್ಮೆ ನೋಡಿಕೊಳ್ಳಿ.

ಸ್ಥಳ ನಂಬಿದ ನಿಯಮಗಳು

ಆ್ಯಪ್ ಎಚ್ಚರವಾಗಿದ್ದೂ ನಿಯಮ ನಡೆಯದಿದ್ದರೆ, ಟ್ರಿಗರ್ ಬಹುಶಃ ಲೊಕೇಶನ್ ಆಗಿರುತ್ತದೆ. ಅನುಮತಿ ‘ಅಲೋ ಆಲ್ ದಿ ಟೈಮ್’ ಇರಬೇಕು, ‘ಪ್ರಿಸೈಸ್ ಲೊಕೇಶನ್’ ಆನ್ ಇರಬೇಕು. ನಕ್ಷೆಯಲ್ಲಿ ಆ ಸ್ಥಳದ ಸುತ್ತ ಗುರುತಿಸುವ ವೃತ್ತದ ತ್ರಿಜ್ಯ 50 ಮೀಟರ್ ಇಟ್ಟರೆ ಫೋನಿಗೆ ತಾನು ಒಳಗಿದ್ದೇನೋ ಹೊರಗಿದ್ದೇನೋ ತಿಳಿಯುವುದಿಲ್ಲ. ಕನಿಷ್ಠ 100–150 ಮೀಟರ್ ಇರಲಿ ಎಂಬುದು ಗೂಗಲ್‌ನದೇ ಸಲಹೆ, ನಾನು 200 ಇಡಿ ಎನ್ನುತ್ತೇನೆ. ಗೇಟು ದಾಟಿದ ಕ್ಷಣವೇ ಸೈಲೆಂಟ್ ಆಗುತ್ತದೆಂದು ನಿರೀಕ್ಷಿಸಬೇಡಿ, ಕೆಲವು ನಿಮಿಷ ಹಿಡಿಯುತ್ತದೆ.

ಆಫೀಸಿನಲ್ಲಿ ವೈಫೈ ಇದ್ದರೆ ಅದಕ್ಕೆ ಕನೆಕ್ಟ್ ಆಗುವುದನ್ನೇ ಟ್ರಿಗರ್ ಮಾಡಿ, ಇದು ಹೆಚ್ಚು ನಂಬಿಕಸ್ತ. ಆದರೆ ಆಂಡ್ರಾಯ್ಡ್ 9ರಿಂದ ಈಚೆಗೆ ಲೊಕೇಶನ್ ಆಫ್ ಇದ್ದರೆ ವೈಫೈ ಹೆಸರನ್ನು ಫೋನ್ ಆ್ಯಪ್‌ಗೆ ಹೇಳುವುದೇ ಇಲ್ಲ. ನಿಗದಿತ ಹೊತ್ತಿನ ಕ್ಲಾಸು, ಸಭೆಗಳಿಗೆ ಸಮಯದ ಟ್ರಿಗರ್ ಸಾಕು.

ಕೊನೆಗೆ ಇಷ್ಟು

ಸೈಲೆಂಟ್ ಮಾಡುವ ನಿಯಮದ ಜೊತೆಗೇ ರಿಂಗ್ ಮರಳಿಸುವ ನಿಯಮವನ್ನೂ ಬರೆಯಿರಿ. ವಾಲ್ಯೂಮ್ ಸೊನ್ನೆ ಮಾಡುವ ಬದಲು ‘ಡು ನಾಟ್ ಡಿಸ್ಟರ್ಬ್’ ಬಳಸಿ. ಮನೆಯವರ ನಂಬರಿಗೆ ನಕ್ಷತ್ರ ಹಾಕಿ, ನಕ್ಷತ್ರವಿರುವವರ ಕರೆಗೆ ಅನುಮತಿ ಕೊಡಿ. 15 ನಿಮಿಷದೊಳಗೆ ಎರಡನೇ ಸಲ ಬರುವ ಕರೆಗೂ ಅವಕಾಶ ಕೊಡುವ ‘ರಿಪೀಟ್ ಕಾಲರ್ಸ್’ ಆನ್ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ತಪ್ಪಿಸಲೇಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲಿನಿಂದ ಇಂಥ ಆ್ಯಪ್ ಹಾಕಬೇಡಿ, ಪ್ಲೇ ಸ್ಟೋರ್‌ನಿಂದಲೇ ಇಳಿಸಿ. ನಿಯಮಗಳ ಬ್ಯಾಕಪ್ ತೆಗೆದಿಡಿ. ಹೊಸ ಫೋನಿಗೆ ನಿಯಮಗಳು ಬರುತ್ತವೆ, ವಿಶೇಷ ಅನುಮತಿಗಳು ಬರುವುದಿಲ್ಲ. ಅಲ್ಲಿ ಎರಡೂ ಬೀಗಗಳನ್ನು ಮತ್ತೆ ತೆರೆಯಬೇಕು.