ಜಾರಿದ ಡಿಸ್ಕ್‌ಗೆ ರೋಬಾಟ್ ಬೇಕೆ?

ಪ್ರಶ್ನೆ: ನನಗೆ 43 ವರ್ಷ, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಐದು ವಾರದಿಂದ ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೂ ಸೆಳೆತ. ಎಂಆರ್‌ಐ ಮಾಡಿಸಿದಾಗ ಎಲ್‌4–ಎಲ್‌5 ಡಿಸ್ಕ್ ಜಾರಿದೆ ಎಂದು ಬಂತು. ರೋಬಾಟ್ ಆಪರೇಷನ್ನೇ ಒಳ್ಳೆಯದಂತೆ, ಸಾಲ ಮಾಡಿಯಾದರೂ ಮಾಡಿಸಲೇ? ಬೆನ್ನು ಕೊಯ್ಸಿಕೊಂಡರೆ ಹಾಸಿಗೆ ಹಿಡಿಯುತ್ತೀಯ ಎಂದು ಅತ್ತೆ ಹೆದರಿಸುತ್ತಾರೆ.
– ಹೆಸರು, ಊರು ಬೇಡ

ಉತ್ತರ: ಸಾಲ ಮಾಡಬೇಡಿ, ತಾಯಿ. ರೋಬಾಟ್ ತಾನಾಗಿ ಆಪರೇಷನ್ ಮಾಡುವುದಿಲ್ಲ. ಬೆನ್ನೆಲುಬಿಗೆ ಸ್ಕ್ರೂ ಕೂರಿಸಬೇಕಾದಾಗ, ಸಿ.ಟಿ. ಚಿತ್ರ ನೋಡಿ ಮೊದಲೇ ಗುರುತು ಮಾಡಿದ ಜಾಗ ಮತ್ತು ಕೋನಕ್ಕೆ ಅದರ ತೋಳು ಸರ್ಜನ್ನರ ಕೈಗೆ ದಾರಿ ಹಿಡಿದುಕೊಡುತ್ತದೆ. ಬೆನ್ನು ಪಕ್ಕಕ್ಕೆ ಬಾಗಿದ ಮಕ್ಕಳಲ್ಲಿ ಇದು ನಿಜಕ್ಕೂ ದೊಡ್ಡ ನೆರವು. ಬರೀ ಡಿಸ್ಕ್ ಜಾರಿದ್ದರೆ ಸಾಮಾನ್ಯವಾಗಿ ಸ್ಕ್ರೂವೇ ಬೇಕಿಲ್ಲ. ಸ್ಕ್ರೂ ಇಲ್ಲದ ಕಡೆ ರೋಬಾಟ್‌ಗೆ ಏನು ಕೆಲಸ?

ನಿಮ್ಮಂಥವರಿಗೆ ನಿಜವಾಗಿ ಉಪಯೋಗಕ್ಕೆ ಬಂದಿರುವ ಹೊಸತು ಎಂಡೋಸ್ಕೋಪಿ. ಒಂದು ಸೆಂಟಿಮೀಟರಿನಷ್ಟು ರಂಧ್ರದಲ್ಲಿ ಕ್ಯಾಮೆರಾ ಇರುವ ಕೊಳವೆ ಇಳಿಸಿ, ನರವನ್ನು ಒತ್ತುತ್ತಿರುವ ಚೂರನ್ನಷ್ಟೇ ತೆಗೆಯುತ್ತಾರೆ. ಹಲವರಿಗೆ ಆ ಜಾಗ ಮಾತ್ರ ಮರಗಟ್ಟಿಸಿದರೆ ಸಾಕು; ಎಚ್ಚರವಾಗಿಯೇ ಇರುವುದರಿಂದ ಕಾಲು ಜುಮ್ಮೆಂದರೆ ಅಲ್ಲೇ ಹೇಳಬಹುದು. ಅಂದೇ ಅಥವಾ ಮರುದಿನ ಮನೆಗೆ. ಹಿಂದೆ ಉದ್ದಕ್ಕೆ ಕೊಯ್ದು ಸ್ನಾಯು ಬಿಡಿಸಬೇಕಿತ್ತು, ವಾರಗಟ್ಟಲೆ ಮಲಗಿಸುತ್ತಿದ್ದರು. ಅತ್ತೆಯವರು ಕಂಡಿರುವುದು ಆ ಕಾಲವನ್ನು. ಹಾಗೆಂದು ಎಂಡೋಸ್ಕೋಪಿ ಇಲ್ಲದ ಊರಿನವರು ಕೊರಗಬೇಕಿಲ್ಲ. 1970ರ ದಶಕದಿಂದ ನಡೆದುಬಂದಿರುವ ಮೈಕ್ರೋಸ್ಕೋಪ್ ಆಪರೇಷನ್‌ನಲ್ಲೂ ಗಾಯ ಎರಡು-ಮೂರು ಸೆಂಟಿಮೀಟರ್ ಅಷ್ಟೆ. ವರ್ಷ ಕಳೆದ ಮೇಲೆ ಕಾಲುನೋವಿನ ಮಟ್ಟಿಗೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ.

ಆದರೆ ನಿಮಗಿನ್ನೂ ಐದೇ ವಾರ. ಹೊರಚಾಚಿದ ಡಿಸ್ಕ್ ಎಷ್ಟೋ ಸಲ ತಾನಾಗಿ ಕುಗ್ಗುತ್ತದೆ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದೊಳಗೆ ನೋವು ಇಳಿಯುತ್ತದೆ. ಮಲಗಿಯೇ ಇರಬೇಡಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಆದಷ್ಟು ನಡೆದಾಡಿ, ಮೆಷಿನ್ ಮುಂದೆ ಅರ್ಧ ಗಂಟೆಗೊಮ್ಮೆ ಏಳಿ.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಮೇಲೆತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೆ ಮಾತ್ರ ಒಂದು ರಾತ್ರಿಯೂ ಕಾಯಕೂಡದು. ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಹನ್ನೆರಡು ವಾರವಾದರೂ ನೋವು ಇಳಿಯದಿದ್ದರೆ ಎಂಆರ್‌ಐ ಹಿಡಿದು ಬೆನ್ನುಮೂಳೆ ಸರ್ಜನ್ನರನ್ನು ಕಾಣಿ. ಸ್ಕ್ರೂ ಹಾಕುತ್ತೇವೆ ಎಂದರೆ ಯಾಕೆ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬರಿಗೂ ತೋರಿಸಿ.