ಅಪೂರ್ವ ಅಡ್ಡಹೆಸರುಗಳ ಆಯುಸ್ಸು

ಹುಬ್ಬಳ್ಳಿ-ಧಾರವಾಡಗಳ ಕಡೆಯ ಯಾವುದಾದರೊಂದು ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಸಂತೆಯೊಳಕ್ಕೆ ಕಾಲಿಟ್ಟಂತಾಗುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ ಎಂಬ ಅಡ್ಡಹೆಸರುಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಮಗ್ಗುಲಲ್ಲಿಯೇ ಬಡಿಗೇರ, ಪತ್ತಾರ, ಹೂಗಾರ ಎಂಬ ಕಸುಬುಗಳೂ, ಕುಲಕರ್ಣಿ, ದೇಸಾಯಿ, ಪಾಟೀಲ ಎಂಬ ಹಿಂದಿನ ಕಾಲದ ಅಧಿಕಾರಗಳೂ ಇರುತ್ತವೆ. ಹಳೆಯ ಮೈಸೂರಿನ ಸೀಮೆಯಲ್ಲಾದರೋ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಇವೆರಡನ್ನು ಹೆಸರಿನ ಮುಂದೆ ಹಚ್ಚಿಕೊಂಡರೆ ಬಹುಮಂದಿಗೆ ಸಾಕಾಗಿದೆ. ಈ ಅಕ್ಷರಗಳು ತಲೆಮಾರಿಗೊಮ್ಮೆ ಬದಲಾಗುತ್ತವೆ. ಮಗನ ಅಕ್ಷರ ಮೊಮ್ಮಗನಿಗೆ ಬಾರದು. ಆದರೆ ಬೆಲ್ಲದವರ ಮಗ ಬೆಲ್ಲ ಮಾರದಿದ್ದರೂ ಬೆಲ್ಲದವನೇ. ಹೀಗೆ ತಂದೆಯಿಂದ ಮಗನಿಗೆ ಇಳಿದುಬರುವ ಹೆಸರಿಗೆ ಜೀವಿಗಳಿಗಿರುವಂತೆ ವೃದ್ಧಿಯೂ ಕ್ಷಯವೂ ಉಂಟು. ಕೆಲವು ಹೆಸರುಗಳು ಕೋಟಿ ಕೋಟಿ ಜನರನ್ನು ಆವರಿಸಿಕೊಳ್ಳುತ್ತವೆ. ಕೆಲವು ಒಂದೆರಡು ಮನೆಗಳಲ್ಲಿ ಮಿಣುಕುತ್ತಿದ್ದು ಆರಿಹೋಗುತ್ತವೆ. ಇದಕ್ಕೆ ಕಾರಣವೇನು?

ಈ ಪ್ರಶ್ನೆಯನ್ನು ಗಣಿತದ ಭಾಷೆಯಲ್ಲಿ ಎತ್ತಿ ಪ್ರಸಿದ್ಧಿಗೆ ತಂದವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ದೊಡ್ಡ ಮನೆತನಗಳು ಬೇಗನೆ ನಿರ್ವಂಶವಾಗುತ್ತವೆಂಬ ಮಾತು ಅವನ ಕಾಲದಲ್ಲಿ ಬಹಳವಾಗಿ ನಡೆದಿತ್ತು. ಸುಖಭೋಗದಿಂದ ಅವರ ಸತ್ವ ಕುಂದುತ್ತದೆಂದು ಕೆಲವರು ಹೇಳುತ್ತಿದ್ದರು. ಗಾಲ್ಟನ್ನನು 1869ರ ತನ್ನ ಗ್ರಂಥವೊಂದರಲ್ಲಿ ಬೇರೊಂದು ಕಾರಣವನ್ನು ಸೂಚಿಸಿದ್ದನು. ಪ್ರಭುಗಳು ಆಸ್ತಿಯ ಆಸೆಯಿಂದ ತಂದೆಗೆ ಒಬ್ಬಳೇ ಮಗಳಾದ ಕನ್ಯೆಯರನ್ನು ಹುಡುಕಿ ಮದುವೆಯಾಗುತ್ತಿದ್ದರು. ಅಂಥವರು ಬರುತ್ತಿದ್ದುದು ಸಂತಾನ ಕಡಿಮೆಯಿರುವ ಮನೆಗಳಿಂದ. ಆದುದರಿಂದ ವಂಶ ಬೆಳೆಯುತ್ತಿರಲಿಲ್ಲ ಎಂಬುದು ಅವನ ವಾದ. ಆದರೆ ಇಂತಹ ಯಾವ ದೋಷವೂ ಇಲ್ಲದೆ, ಬರಿಯ ಆಕಸ್ಮಿಕದಿಂದಲೇ ಎಷ್ಟು ಹೆಸರುಗಳು ಅಳಿಯಬಹುದು? ಅದು ತಿಳಿಯದೆ ಉಳಿದುದನ್ನು ಹೇಳುವಂತಿಲ್ಲವಷ್ಟೆ. 1873ರಲ್ಲಿ ಅವನು ಇದನ್ನು ಒಂದು ಪತ್ರಿಕೆಯಲ್ಲಿ ಲೆಕ್ಕವಾಗಿ ಒಡ್ಡಿದನು. ಹೆನ್ರಿ ವಿಲಿಯಂ ವಾಟ್ಸನ್ ಎಂಬ ಪಾದ್ರಿ ಅದಕ್ಕೆ ಉತ್ತರ ಕಳುಹಿಸಿದನು. (ಇದೇ ಗಾಲ್ಟನ್ನನು ಹತ್ತು ವರ್ಷಗಳ ನಂತರ ಮಾನವಕುಲದ ತಳಿಯನ್ನು ಸುಧಾರಿಸುವ ಹಂಚಿಕೆಗೆ ನಾಮಕರಣ ಮಾಡಿ, ಮುಂದೆ ಆದ ಬಹಳ ಅನರ್ಥಕ್ಕೆ ದಾರಿ ತೆರೆದನೆಂಬುದನ್ನು ವಾಚಕರು ಮರೆಯಬಾರದು. ಅವನ ಪ್ರಶ್ನೆ ಮಾತ್ರ ಒಳ್ಳೆಯದಾಗಿತ್ತು.)

ಆ ಲೆಕ್ಕದ ಸ್ವರೂಪವನ್ನು ಒಂದು ಸುಲಭವಾದ ಉದಾಹರಣೆಯಿಂದ ತಿಳಿಯೋಣ. ಪ್ರತಿಯೊಬ್ಬ ಗಂಡಸೂ ಎರಡು ನಾಣ್ಯಗಳನ್ನು ಮೇಲಕ್ಕೆ ಚಿಮ್ಮುತ್ತಾನೆ, ಎಷ್ಟು ನಾಣ್ಯಗಳು ರಾಜಮುದ್ರೆ ಮೇಲಾಗಿ ಬೀಳುವುವೋ ಅಷ್ಟು ಗಂಡುಮಕ್ಕಳು ಅವನಿಗೆ ಹುಟ್ಟುತ್ತಾರೆ ಎಂದು ಭಾವಿಸಿರಿ. ಸರಾಸರಿಯಲ್ಲಿ ಒಬ್ಬನಿಗೆ ಒಬ್ಬ ಮಗ; ಜನಸಂಖ್ಯೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಂದೊಂದು ಹೆಸರಿಗೆ ಒಬ್ಬೊಬ್ಬನಂತೆ ನೂರು ಮಂದಿಯನ್ನು ಇಟ್ಟುಕೊಂಡು ಪ್ರಾರಂಭಿಸಿದರೆ, ಎರಡು ನಾಣ್ಯಗಳೂ ಕೈಕೊಡುವ ಸಂಭವ ನಾಲ್ಕರಲ್ಲಿ ಒಂದಾದುದರಿಂದ ಮೊದಲನೆಯ ತಲೆಮಾರಿನಲ್ಲಿಯೇ ಸುಮಾರು 25 ಹೆಸರುಗಳು ಹೋಗುತ್ತವೆ. ಎರಡನೆಯದರ ಹೊತ್ತಿಗೆ ಹೋದವು 39, ಐದನೆಯದರ ಹೊತ್ತಿಗೆ 60, ಹತ್ತನೆಯದರ ಹೊತ್ತಿಗೆ 74. ಉಳಿದ ಇಪ್ಪತ್ತಾರು ಹೆಸರುಗಳು ಆಗಲೂ ಹೆಚ್ಚು ಕಡಿಮೆ ನೂರು ಜನರನ್ನೇ ಹೊತ್ತಿರುತ್ತವೆ; ಅಂದರೆ ತಲಾ ನಾಲ್ವರು. ಯಾರಲ್ಲಿಯೂ ಸತ್ವ ಕುಂದಲಿಲ್ಲ, ಯಾರೂ ಪಾಪ ಮಾಡಲಿಲ್ಲ. ಆದರೂ ಮುಕ್ಕಾಲು ಪಾಲು ಮನೆತನಗಳು ಹೆಸರಿಲ್ಲದಂತಾದುವು. ಹೀಗೆಯೇ ಸಾಗಿದರೆ ಕೊನೆಗೆ ಉಳಿಯುವುದು ಒಂದೇ ಹೆಸರು, ಆಮೇಲೆ ಅದೂ ಇಲ್ಲ.

ವಾಟ್ಸನ್ನನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಜನಸಂಖ್ಯೆ ಬೆಳೆಯುತ್ತಿದ್ದರೂ ಸಹ ಎಲ್ಲ ಹೆಸರುಗಳೂ ಅಳಿಯಲೇಬೇಕೆಂದು ಸಾರಿದನು. ಇಲ್ಲಿ ಅವನು ಎಡವಿದನು. ಅವನ ಸಮೀಕರಣಕ್ಕೆ ‘1’ ಎಂಬ ಉತ್ತರ ಯಾವಾಗಲೂ ಒಪ್ಪುತ್ತದೆ, ನಿಜ. ಆದರೆ ಗಂಡುಮಕ್ಕಳ ಸರಾಸರಿ ಒಂದನ್ನು ಮೀರಿದಾಗ ಅದಕ್ಕಿಂತ ಚಿಕ್ಕದಾದ ಎರಡನೆಯ ಉತ್ತರವೂ ದೊರೆಯುತ್ತದೆ, ಸತ್ಯವಾದುದು ಅದೇ. ಸ್ವಾರಸ್ಯವೇನೆಂದರೆ, ಫ್ರಾನ್ಸಿನ ಬಿಯೆನೆಮೆ ಎಂಬ ಗಣಿತಜ್ಞನು 1845ರಲ್ಲಿಯೇ ಸರಿಯಾದ ನಿರ್ಣಯವನ್ನು ಪ್ರಕಟಿಸಿದ್ದನು. ಅದನ್ನು ಯಾರೂ ಗಮನಿಸಿರಲಿಲ್ಲ. ಮುಂದೆ 1929ರಲ್ಲಿ ಡೆನ್ಮಾರ್ಕಿನ ಎರ್ಲಾಂಗನು ಇದೇ ಸಮಸ್ಯೆಯನ್ನು ಹೊಸದಾಗಿ ಎತ್ತಿದನು. ಅವನ ತಾಯಿಯ ತವರಿನ ಹೆಸರಾದ ‘ಕ್ರಾರುಪ್’ ಅಳಿವಿನ ಅಂಚಿಗೆ ಬಂದಿತ್ತು! ಅಮೆರಿಕದ ಆಲ್‌ಫ್ರೆಡ್ ಲೋಟ್ಕನು ಆ ದೇಶದ ಶ್ವೇತವರ್ಣೀಯರ 1920ರ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದನು. ಒಬ್ಬನಿಗೆ ಸರಾಸರಿ 1.26 ಗಂಡುಮಕ್ಕಳು, ಹೆಸರು ಅಳಿಯುವ ಸಂಭವ ನೂರಕ್ಕೆ 82. ಬೆಳೆಯುತ್ತಿರುವ ಜನಾಂಗದಲ್ಲಿಯೂ ಐದರಲ್ಲಿ ನಾಲ್ಕು ಹೊಸ ಹೆಸರುಗಳಿಗೆ ಭವಿಷ್ಯವಿಲ್ಲವೆಂದಾಯಿತು. ಇದೇ ಗಣಿತವು 1940ರ ದಶಕದಲ್ಲಿ ಪರಮಾಣು ವಿದಳನದ ಸರಪಳಿ ಕ್ರಿಯೆಯನ್ನು ಅರಿಯುವುದಕ್ಕೂ ಒದಗಿತು. ಮಗನ ಜಾಗದಲ್ಲಿ ನ್ಯೂಟ್ರಾನ್ ಬಂದಿತು, ಅಷ್ಟೆ.

ಹೆಸರುಗಳು ಹಳೆಯವಾದಷ್ಟೂ ಅವುಗಳ ಸಂಖ್ಯೆ ಕಡಿಮೆಯಾಗಬೇಕೆಂದು ಈ ಸಿದ್ಧಾಂತದಿಂದ ಫಲಿಸುತ್ತದೆ. ಭೂಪಟವನ್ನು ನೋಡಿದರೆ ಇದು ಬಹುಮಟ್ಟಿಗೆ ನಿಜವೇ. ಚೀನದಲ್ಲಿ ವಂಶನಾಮಗಳ ಬಳಕೆ ಎರಡು ಸಾವಿರ ವರ್ಷಗಳಿಗೂ ಹಳೆಯದು. ಅಲ್ಲಿ ವಾಂಗ್ ಮತ್ತು ಲಿ ಎಂಬ ಎರಡೇ ಹೆಸರುಗಳಿಗೆ ತಲಾ ಹತ್ತು ಕೋಟಿಯಷ್ಟು ಜನರಿದ್ದಾರೆ. ದಕ್ಷಿಣ ಕೊರಿಯದ 2015ರ ಖಾನೇಷುಮಾರಿಯಲ್ಲಿ ನೂರಕ್ಕೆ 21 ಮಂದಿಗಿಂತ ಹೆಚ್ಚಾಗಿ ಕಿಮ್ ಎಂಬ ಹೆಸರಿನವರು. ಕಿಮ್, ಲೀ, ಪಾರ್ಕ್ ಈ ಮೂವರೇ ಸೇರಿ ದೇಶದ ಸುಮಾರು ನೂರಕ್ಕೆ 45ರಷ್ಟಾಗುತ್ತಾರೆ. ಆದರೆ ಕೊರಿಯದ ಸಂಗತಿಯನ್ನು ನಾಣ್ಯದ ಆಟಕ್ಕೇ ಪೂರ್ತಿಯಾಗಿ ಕಟ್ಟಲಾಗದು. ಹೆಸರಿಲ್ಲದಿದ್ದ ಸಾಮಾನ್ಯರು ಹೆಸರಿಡಿಸಿಕೊಳ್ಳುವ ಕಾಲ ಬಂದಾಗ ಪ್ರತಿಷ್ಠಿತರ ಹೆಸರನ್ನೇ ಆರಿಸಿಕೊಂಡುದೂ ಒಂದು ಕಾರಣ. ಇದಕ್ಕೆ ಎದುರಾದ ನಿದರ್ಶನ ಥಾಯ್ಲೆಂಡ್. ಅಲ್ಲಿ ಅಡ್ಡಹೆಸರಿನ ಕಾಯಿದೆ ಬಂದುದು 1913ರಲ್ಲಿ. ಒಂದು ಮನೆತನದ ಹೆಸರನ್ನು ಸಂಬಂಧವಿಲ್ಲದ ಇನ್ನೊಂದು ಮನೆತನ ಇಟ್ಟುಕೊಳ್ಳಕೂಡದೆಂದು ನಿಯಮ. ಆದುದರಿಂದ ಅಲ್ಲಿ ಅಪೂರ್ವವಾದ ಹೆಸರೇ ಸಾಮಾನ್ಯ. ಜಪಾನಿನಲ್ಲಿ 1875ರಲ್ಲಿ ಎಲ್ಲರಿಗೂ ಅಡ್ಡಹೆಸರು ಕಡ್ಡಾಯವಾಯಿತು. ಅಲ್ಲಿಯ ಕಾನೂನಿನಂತೆ ದಂಪತಿಗಳು ಒಂದೇ ಹೆಸರನ್ನು ಹೊರಬೇಕು. ನೂರಕ್ಕೆ ತೊಂಬತ್ತೈದು ಮದುವೆಗಳಲ್ಲಿ ಕಳೆದುಹೋಗುವುದು ಹೆಣ್ಣಿನ ಹೆಸರು. ಇದೇ ನಿಯಮ ಮುಂದುವರಿದರೆ 2531ರ ಹೊತ್ತಿಗೆ ಜಪಾನೀಯರೆಲ್ಲರೂ ‘ಸಾತೋ’ಗಳಾಗುವರೆಂದು ತೊಹೊಕು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು 2024ರಲ್ಲಿ ಲೆಕ್ಕ ತೋರಿಸಿದರು. ಜನರನ್ನು ಎಚ್ಚರಿಸಲೆಂದು ಮಾಡಿದ ಲೆಕ್ಕವದು, ಅಕ್ಷರಶಃ ನಂಬತಕ್ಕದ್ದಲ್ಲ.

ಇನ್ನು ಅಪೂರ್ವವಾದ ಹೆಸರಿನ ಒಳಗುಟ್ಟಿಗೆ ಬರೋಣ. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವು ತಂದೆಯಿಂದ ಮಗನಿಗೆ ಬಹುತೇಕ ಹಾಗೆಯೇ ಇಳಿಯುತ್ತದೆ. ಅಡ್ಡಹೆಸರೂ ಅದೇ ಹಾದಿಯಲ್ಲಿ ನಡೆಯುತ್ತದೆ. ಹಾಗಾದರೆ ಒಂದೇ ಹೆಸರಿನವರ ವೈ ವರ್ಣತಂತುಗಳು ಒಂದೇ ಬಗೆಯವಾಗಿರಬೇಕಲ್ಲವೆ? ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ತಮ್ಮ ಹೆಸರನ್ನೇ ಪರೀಕ್ಷೆಗೆ ಒಡ್ಡಿದರು. ‘ಸೈಕ್’ ಎಂದರೆ ಆ ಸೀಮೆಯ ಹಳೆಯ ನುಡಿಯಲ್ಲಿ ಹಳ್ಳ, ಸಣ್ಣ ತೊರೆ; ಅದರ ದಡದಲ್ಲಿ ಮನೆ ಮಾಡಿದವನು ಸೈಕ್ಸ್. ಹಳ್ಳಗಳು ಎಲ್ಲೆಲ್ಲಿಯೂ ಇರುವುದರಿಂದ ಈ ಹೆಸರು ಅನೇಕ ಕಡೆ ಬೇರೆ ಬೇರೆಯಾಗಿ ಹುಟ್ಟಿರಬೇಕೆಂದು ಎಲ್ಲರೂ ತಿಳಿದಿದ್ದರು. ಒಬ್ಬರಿಗೊಬ್ಬರು ನಂಟರೆಂದು ಗೊತ್ತಿಲ್ಲದ 48 ಮಂದಿ ಸೈಕ್ಸ್‌ಗಳನ್ನು ಪರೀಕ್ಷಿಸಿದಾಗ 21 ಮಂದಿಯಲ್ಲಿ ಒಂದೇ ವರ್ಣತಂತು ಕಂಡುಬಂದಿತು. ಬಹುಶಃ ಮೂಲಪುರುಷನೊಬ್ಬನೇ ಎಂದು 2000ದ ಆ ಲೇಖನ ತೀರ್ಮಾನಿಸಿತು.

ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಇದನ್ನು ವಿಸ್ತರಿಸಿ, 40 ಹೆಸರುಗಳ 1678 ಗಂಡಸರನ್ನು ಪರೀಕ್ಷಿಸಿ 2009ರಲ್ಲಿ ಫಲವನ್ನು ಪ್ರಕಟಿಸಿದರು. ಸ್ಮಿತ್ ಎಂಬ ಹೆಸರಿನವರಲ್ಲಿ ಯಾವ ಹೋಲಿಕೆಯೂ ಕಾಣಲಿಲ್ಲ. ಸ್ಮಿತ್ ಎಂದರೆ ಕಮ್ಮಾರ. ಊರಿಗೊಬ್ಬ ಕಮ್ಮಾರನಿದ್ದ ಮೇಲೆ ಮೂಲಪುರುಷರೂ ಅಷ್ಟೇ ಮಂದಿ. ಆದರೆ ನಾಟಿಂಗ್‌ಹ್ಯಾಮಿನ ಬಳಿಯ ಹಳ್ಳಿಯೊಂದರಿಂದ ಬಂದ ‘ಅಟೆನ್‌ಬರೋ’ ಎಂಬ ವಿರಳವಾದ ಹೆಸರಿನವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ವರ್ಣತಂತು ಒಂದೇ ಬಗೆಯದು. ಹೆಸರು ವಿರಳವಾದಷ್ಟೂ ನಂಟು ನಿಜವಾಗಿರುವ ಸಂಭವ ಹೆಚ್ಚು. ನಾಣ್ಯದ ಆಟವನ್ನು ನೆನೆದರೆ ಕಾರಣ ಹೊಳೆಯುತ್ತದೆ. ಒಂದು ಹೆಸರನ್ನು ಐದಾರು ಜನ ಹುಟ್ಟಿಸಿದ್ದರೂ ಅವರಲ್ಲಿ ನಾಲ್ಕೈದು ಶಾಖೆಗಳು ಕಾಲಕ್ರಮದಲ್ಲಿ ಅಳಿದು, ಉಳಿದ ಒಂದೇ ಶಾಖೆ ಹೆಸರಿಗೆ ಒಡೆಯನಾಗುತ್ತದೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಯಾರ್ಕ್‌ಷೈರಿನ ವೃತ್ತಾಂತ. ಬ್ರಿಟನ್ನಿನ ಗಂಡಸರ ವರ್ಣತಂತುಗಳನ್ನು ಇದೇ ಪಂಡಿತರು ಸಂಗ್ರಹಿಸುತ್ತಿದ್ದಾಗ, ನೋಡುವುದಕ್ಕೆ ಅಪ್ಪಟ ಆಂಗ್ಲನಾದ ಒಬ್ಬನಲ್ಲಿ ಅದುವರೆಗೆ ಪಶ್ಚಿಮ ಆಫ್ರಿಕದವರಲ್ಲಿ ಮಾತ್ರ ಕಂಡಿದ್ದ ವರ್ಣತಂತು ದೊರೆಯಿತು. ತನ್ನ ಕುಲದಲ್ಲಿ ಆಫ್ರಿಕದವರಿದ್ದರೆಂಬ ಸುಳಿವೇ ಅವನಿಗೆ ಇರಲಿಲ್ಲ. ಅವನದು ಪೂರ್ವ ಯಾರ್ಕ್‌ಷೈರಿನ ಬಹು ವಿರಳವಾದ ಅಡ್ಡಹೆಸರು. ಅದೇ ಹೆಸರಿನ 18 ಮಂದಿಯನ್ನು ಹುಡುಕಿ ಪರೀಕ್ಷಿಸಿದಾಗ ಏಳು ಮಂದಿಯಲ್ಲಿ ಅದೇ ವರ್ಣತಂತು! ದಾಖಲೆಗಳ ಆಧಾರದಿಂದ ಅವರೆಲ್ಲರೂ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಯಾರ್ಕ್‌ಷೈರಿನಲ್ಲಿದ್ದ ಇಬ್ಬರು ಪುರುಷರ ಸಂತತಿಯೆಂದು ಗೊತ್ತಾಯಿತು. ಆ ಇಬ್ಬರೂ ಇನ್ನೂ ಹಿಂದಿನ ಒಬ್ಬನಿಂದ ಬಂದವರಾಗಿರಬೇಕು. ಆ ಹಿಂದಿನವನು ರೋಮನರ ದಂಡಿನಲ್ಲಿ ಬಂದವನೋ, ಗುಲಾಮರ ವ್ಯಾಪಾರದ ಕಾಲದಲ್ಲಿ ಬಂದವನೋ? ಮೂರನೆಯ ಶತಮಾನದಲ್ಲಿ ಹೇಡ್ರಿಯನ್ನನ ಗೋಡೆಯ ಬಳಿ ಉತ್ತರ ಆಫ್ರಿಕದ ಮೂರರ ದಳವೊಂದು ಬೀಡುಬಿಟ್ಟಿದ್ದುದು ಶಾಸನಸಿದ್ಧವಾದುದು. 2007ರ ಆ ಲೇಖನ ಎರಡು ದಾರಿಗಳನ್ನೂ ತೆರೆದಿಟ್ಟಿದೆ. ಅದರಲ್ಲಿ ಆ ಅಡ್ಡಹೆಸರನ್ನು ಮಾತ್ರ ಬಯಲು ಮಾಡಲಿಲ್ಲ. ಹೆಸರು ಅಷ್ಟು ವಿರಳವಾದುದರಿಂದ ಹೇಳಿದ್ದರೆ ಮನೆಗಳನ್ನೇ ಬೆರಳಿಟ್ಟು ತೋರಿಸಿದಂತಾಗುತ್ತಿತ್ತು.

ಈ ಎಚ್ಚರಿಕೆ ಎಷ್ಟು ಅಗತ್ಯವೆಂಬುದು 2013ರಲ್ಲಿ ಸ್ಪಷ್ಟವಾಯಿತು. ಸಂಶೋಧನೆಗಾಗಿ ತಮ್ಮ ಡಿ.ಎನ್.ಎ.ಯನ್ನು ಕೊಟ್ಟು, ಹೆಸರು ಮರೆಯಾಗಿರುವುದೆಂದು ನಂಬಿದ್ದ ಸುಮಾರು ಐವತ್ತು ಮಂದಿಯ ಗುರುತನ್ನು ಅಮೆರಿಕದ ವಿಜ್ಞಾನಿಗಳು ಸಾರ್ವಜನಿಕ ವಂಶಾವಳಿಗಳ ನೆರವಿನಿಂದಲೇ ಪತ್ತೆಹಚ್ಚಿ ತೋರಿಸಿದರು. ವೈ ವರ್ಣತಂತುವಿನಿಂದ ಅಡ್ಡಹೆಸರು, ಅಡ್ಡಹೆಸರಿಗೆ ವಯಸ್ಸು ಮತ್ತು ಪ್ರಾಂತ ಸೇರಿಸಿದರೆ ವ್ಯಕ್ತಿ. ಇಂತಹ ಶೋಧನೆಯಲ್ಲಿ ಕಿಮ್ ಎಂಬವನು ಗುಂಪಿನೊಳಗೆ ಅಡಗಿಕೊಳ್ಳಬಲ್ಲನು; ನಾಡಿಗೊಂದೇ ಮನೆಯಿರುವ ಹೆಸರಿನವನು ಅಡಗಲಾರನು.

ಹಾಗಾದರೆ ವರ್ಣತಂತು ಹೊಂದದವರ ಗತಿಯೇನು? ಸೈಕ್ಸರಲ್ಲಿ 27 ಮಂದಿಗೆ ಹೊಂದಲಿಲ್ಲ. ಯಾರ್ಕ್‌ಷೈರಿನಲ್ಲಿ ಹನ್ನೊಂದು ಮಂದಿಗೆ ಹೊಂದಲಿಲ್ಲ. ಇಂತಹದನ್ನು ಕೇಳಿದೊಡನೆ ಅಜ್ಜಿ ಮುತ್ತಜ್ಜಿಯರ ನಡತೆಯ ಮೇಲೆ ಅಪವಾದ ಹೊರಿಸುವ ಚಾಪಲ್ಯ ಕೆಲವರಿಗೆ ಬರುತ್ತದೆ. ಈ ಅಪವಾದ ಬಹುಮಟ್ಟಿಗೆ ಅವಸರದ್ದು. ಒಂದೇ ಹೆಸರು ಎರಡು ಮೂರು ಕಡೆ ಬೇರೆ ಬೇರೆಯಾಗಿ ಹುಟ್ಟಿರಬಹುದು, ದತ್ತು ತೆಗೆದುಕೊಂಡಿರಬಹುದು, ತಾಯಿಯ ಹೆಸರನ್ನು ಮಗ ಹೊತ್ತಿರಬಹುದು, ಆಸ್ತಿಗಾಗಿ ಅಳಿಯನು ಮಾವನ ಹೆಸರನ್ನು ಧರಿಸಿರಬಹುದು. ಸೈಕ್ಸರ ಅಂದಾಜಿನಲ್ಲಿ ಇಂತಹ ಎಲ್ಲ ಕಾರಣಗಳೂ ಸೇರಿ ಒಂದು ತಲೆಮಾರಿಗೆ ನೂರಕ್ಕೆ 1.3ರಷ್ಟು ಮಾತ್ರ. ಏಳು ನೂರು ವರ್ಷಗಳಲ್ಲಿ ಅದು ಕೂಡಿ ಕೂಡಿ ದೊಡ್ಡದಾಗಿ ಕಾಣುತ್ತದೆ.

ಹೆಸರು ಅಳಿಯದಂತೆ ಬೇಕೆಂದೇ ಏರ್ಪಾಡು ಮಾಡಿಕೊಂಡ ಸಮಾಜವೊಂದು ನಮ್ಮ ಕೊಡಗಿನಲ್ಲಿಯೇ ಇದೆ. ಕೊಡವರಲ್ಲಿ ಪ್ರತಿಯೊಬ್ಬನೂ ಒಂದು ‘ಒಕ್ಕ’ಕ್ಕೆ ಸೇರಿದವನು, ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮುಂದೆ ಬರುತ್ತದೆ. ಇವು ‘ಅಂಡ’, ‘ಎರ’ ಮೊದಲಾದ ಪ್ರತ್ಯಯಗಳಿಂದ ಮುಗಿಯುತ್ತವೆ. ಮೂಲಪುರುಷನ ಹೆಸರಿಗೆ ‘ಅವನವರು’ ಎಂಬ ಅರ್ಥ ಕೂಡಿದಂತೆ. 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ ಚಿಣ್ಣಪ್ಪನವರು ನಡಿಕೇರಿಯಂಡ ಒಕ್ಕದವರು, ಜನರಲ್ ಕಾರ್ಯಪ್ಪನವರು ಕೊಡಂದೇರ ಒಕ್ಕದವರು. ಒಂದು ಒಕ್ಕದಲ್ಲಿ ಗಂಡುಸಂತಾನ ನಿಂತುಹೋಗುವಂತಾದರೆ ಅದಕ್ಕಾಗಿಯೇ ‘ಒಕ್ಕಪರಿಜೆ’, ‘ಮಕ್ಕಪರಿಜೆ’ ಎಂಬ ವಿಶೇಷ ವಿವಾಹಗಳುಂಟು. ಮನೆಯ ಮಗಳಿಗೆ ಹೀಗೆ ಮದುವೆ ಮಾಡಿದರೆ ಹುಟ್ಟಿದ ಮಕ್ಕಳು ತಾಯಿಯ ಒಕ್ಕದವರಾಗುತ್ತಾರೆ. ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1952ರ ತಮ್ಮ ಗ್ರಂಥದಲ್ಲಿ ಕೊಡವರ ಒಕ್ಕವನ್ನು ಕುರಿತು ವಿವರವಾಗಿ ಬರೆದಿದ್ದಾರೆ. ಗಾಲ್ಟನ್ನನ ನಾಣ್ಯ ಕೈಕೊಟ್ಟಲ್ಲಿ ಮಗಳು ಕೈಹಿಡಿಯುತ್ತಾಳೆ. ಅಂತಹ ಮನೆಯಲ್ಲಿ ವರ್ಣತಂತು ಬೇರೆ ಒಕ್ಕದ್ದು, ಹೆಸರು ಮಾತ್ರ ಹಳೆಯದು. ಮುಂದೆಂದಾದರೂ ಅದನ್ನು ಪರೀಕ್ಷಿಸುವವನು ಮೊದಲು ಮನೆಯ ಹಿರಿಯರನ್ನು ವಿಚಾರಿಸುವುದು ಒಳ್ಳೆಯದು.

ಈ ಒಕ್ಕಗಳ ಎಣಿಕೆ ಬೇಕಾದವರು ಕೊಡಗಿನ ಹಾಕಿ ಹಬ್ಬವನ್ನು ನೋಡಬಹುದು. 1997ರಲ್ಲಿ ಮೊದಲಾದ ಈ ಪಂದ್ಯಗಳಲ್ಲಿ ತಂಡಗಳು ಕಟ್ಟಿಕೊಳ್ಳುವುದು ಒಕ್ಕದ ಹೆಸರಿನಲ್ಲಿಯೇ. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದ ತಂಡಗಳು 360.