ಮರಗಳ ನಡುವೆ ಮೂರು ಮೀಟರ್ ಜಾಗ

ಡಿಸ್ಕ್ ಗಾಲ್ಫ್ ಅಂದ್ರೆ ಗಾಲ್ಫೇ, ಆದರೆ ಕೋಲೂ ಇಲ್ಲ, ಚೆಂಡೂ ಇಲ್ಲ. ಡಿಸ್ಕ್ ಎಸೆಯಬೇಕು, ಬಿದ್ದ ಜಾಗದಿಂದ ಮತ್ತೆ ಎಸೆಯಬೇಕು, ಕೊನೆಗೆ ಸರಪಳಿ ನೇತುಹಾಕಿದ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ಈ ಬುಟ್ಟಿಯನ್ನು ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ಮಾಡಿದವರೂ ಅವರೇ. (2002ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ಜೋಕ್ ಅಲ್ಲ, ನಿಜ.)

ನಾನು ಹೇಳಹೊರಟಿದ್ದು ಕೆಂಟಕಿಯ ಬರ್ಲಿಂಗ್ಟನ್‌ನಲ್ಲಿರುವ ಐಡಲ್‌ವೈಲ್ಡ್ ಕೋರ್ಸಿನ ಬಗ್ಗೆ. ಸಾರ್ವಜನಿಕ ಪಾರ್ಕು, 24 ಹೋಲ್, ಏರು-ತಗ್ಗು, ಸುತ್ತ ದಟ್ಟ ಮರ. ನಾನು ನೋಡಿದ್ದು ವಿಡಿಯೋದಲ್ಲಿ ಮಾತ್ರ. ಬಯಲಿನಲ್ಲಿ 150 ಮೀಟರ್ ಎಸೆಯುವ ಪ್ರೊಫೆಷನಲ್‌ಗಳೂ ಅಲ್ಲಿ ಮರಕ್ಕೆ ಬಡಿದು ತಲೆ ಚಚ್ಚಿಕೊಳ್ಳುತ್ತಾರೆ. ಯಾಕೆ ಅಂತ ಲೆಕ್ಕ ಹಾಕೋಣ.

ನಿಮ್ಮಿಂದ 30 ಮೀಟರ್ ದೂರದಲ್ಲಿ ಎರಡು ಮರ, ನಡುವೆ 3 ಮೀಟರ್ ಜಾಗ. ಡಿಸ್ಕಿನ ಅಗಲ ಸುಮಾರು 21 ಸೆಂಟಿಮೀಟರ್. ಅಂದರೆ ನಟ್ಟನಡುವಿನಿಂದ ಎರಡೂ ಕಡೆ ಸುಮಾರು 1.4 ಮೀಟರ್ ತಪ್ಪಬಹುದು. ಕೋನದಲ್ಲಿ ಹೇಳಿದರೆ ಸುಮಾರು 2.7 ಡಿಗ್ರಿ. ಅದೇ ಮರಗಳು 60 ಮೀಟರ್ ದೂರ ಇದ್ದರೆ 1.3 ಡಿಗ್ರಿ ಅಷ್ಟೇ! ನಮ್ಮ ಹಾಸ್ಟೆಲ್ ಹಿಂದಿನ ನೀಲಗಿರಿ ಮರಗಳ ನಡುವೆ ಮಾಮೂಲಿ ಫ್ರಿಸ್ಬಿ ಎಸೆದು ನೋಡಿದೆ. ಹತ್ತರಲ್ಲಿ ಎರಡು ದಾಟಿತು. ತೋಳಿನ ಬಲ ಸಾಲದು ಅಂತ ಜೋರಾಗಿ ಎಸೆದೆ, ಒಂದೂ ದಾಟಲಿಲ್ಲ.

ಇದೂ ಡಿಸ್ಕ್ ನೇರ ಹೋಗುತ್ತೆ ಅಂದುಕೊಂಡು ಮಾಡಿದ ಲೆಕ್ಕ. ಅದು ನೇರ ಹೋಗಲ್ಲ. ಬುಗುರಿ ನೆನಪು ಮಾಡಿಕೊಳ್ಳಿ. ತಿರುಗುತ್ತಿರುವ ಬುಗುರಿಯನ್ನು ಒಂದು ಕಡೆಗೆ ತಳ್ಳಿದರೆ ಅದು ಆ ಕಡೆ ಬೀಳದೆ ಅಡ್ಡಕ್ಕೆ ವಾಲುತ್ತೆ. ಫಸ್ಟ್ ಇಯರ್‌ನಲ್ಲಿ ಇದಕ್ಕೇ ಜೈರೋಸ್ಕೋಪಿಕ್ ಪ್ರಿಸೆಷನ್ ಅಂತ ಬಾಯಿಪಾಠ ಮಾಡಿದ್ದು. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ ಡಿಸ್ಕ್, ಮೇಲಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತೆ. ವೇಗ ಜಾಸ್ತಿ ಇದ್ದಾಗ ಲಿಫ್ಟ್ ಡಿಸ್ಕಿನ ಮಧ್ಯಕ್ಕಿಂತ ಹಿಂದೆ ಕೆಲಸ ಮಾಡಿ ಮೂಗನ್ನು ಕೆಳಗೆ ತಳ್ಳುತ್ತೆ. ಸ್ಪಿನ್ ಇರುವುದರಿಂದ ಮೂಗು ಬಗ್ಗುವ ಬದಲು ಡಿಸ್ಕ್ ಬಲಕ್ಕೆ ವಾಲುತ್ತೆ. ವೇಗ ಇಳಿದಾಗ ಲಿಫ್ಟ್ ಮುಂದಕ್ಕೆ ಸರಿಯುತ್ತೆ, ಡಿಸ್ಕ್ ಎಡಕ್ಕೆ ವಾಲಿ ಇಳಿಯುತ್ತೆ. ಮೊದಲನೆಯದು ಟರ್ನ್, ಎರಡನೆಯದು ಫೇಡ್. ಎಷ್ಟು ಟರ್ನ್, ಎಷ್ಟು ಫೇಡ್ ಅನ್ನೋದು ಡಿಸ್ಕಿನ ಅಂಚಿನ ಆಕಾರದ ಮೇಲೂ ನಿಂತಿದೆ. ಅದಕ್ಕೇ ಆಟಗಾರರ ಬ್ಯಾಗಿನಲ್ಲಿ ಇಪ್ಪತ್ತು ಡಿಸ್ಕ್ ಇರೋದು, ಶೋಕಿಗಲ್ಲ. ಫೋರ್‌ಹ್ಯಾಂಡ್ ಎಸೆದರೆ ಸ್ಪಿನ್ ಉಲ್ಟಾ, ದಾರಿಯೂ ಉಲ್ಟಾ.

ಕಾಡಿನಲ್ಲಿ ಇದೇ ಅನುಕೂಲ. ದಾರಿ ಎಡಕ್ಕೆ ತಿರುಗಿದ್ದರೆ ಫೇಡ್ ಜಾಸ್ತಿ ಇರುವ ಡಿಸ್ಕ್, ಬಲಕ್ಕಾದರೆ ಟರ್ನ್ ಇರುವುದು ಅಥವಾ ಫೋರ್‌ಹ್ಯಾಂಡ್. ಬುಟ್ಟಿಯನ್ನು ಆಮೇಲೆ ನೋಡಿ, ಮೊದಲ ಸಂದಿಗೆ ಗುರಿ ಇಡಿ. ಹತ್ತಿರದ ಮರಕ್ಕೆ ಬಡಿದರೆ ಇಡೀ ಎಸೆತವೇ ದಂಡ, ಜೊತೆಗೆ ಡಿಸ್ಕ್ ಪೊದೆಯೊಳಗೆ.

ಪೊದೆಯೊಳಗೆ ಹೋದ ಮೇಲೆ ಏನು? ಕೊಂಬೆ ಮುರಿದು ದಾರಿ ಮಾಡಿಕೊಳ್ಳುವಂತಿಲ್ಲ. ಬಗ್ಗಿಯೋ ಮೊಣಕಾಲೂರಿಯೋ ಎಸೆಯಬೇಕು. ಎದುರಿಗೆ ಸಣ್ಣ ಸಂದಿ ಕಾಣುತ್ತೆ, ಆಸೆಯೂ ಆಗುತ್ತೆ. ಅದರಲ್ಲಿ ದಾಟಿದರೆ, ಪಕ್ಕಕ್ಕೆ ಎಸೆದು ಹೊರಬರುವುದಕ್ಕಿಂತ ಒಂದು ಎಸೆತ ಉಳಿತಾಯ, ಬಡಿದರೆ ಒಂದು ಎಸೆತ ನಷ್ಟ ಅಂತಿಟ್ಟುಕೊಳ್ಳಿ. ಮೂರರಲ್ಲಿ ಒಂದು ಸಲ ದಾಟುವವರಿಗೆ ಮೂರು ಪ್ರಯತ್ನಕ್ಕೆ ಒಂದು ಲಾಭ, ಎರಡು ನಷ್ಟ. ಅರ್ಧಕ್ಕಿಂತ ಹೆಚ್ಚು ಸಲ ದಾಟುವ ನಂಬಿಕೆ ಇದ್ದರೆ ಮಾತ್ರ ಆ ಸಂದಿ. ಇಲ್ಲದಿದ್ದರೆ ಮರ್ಯಾದೆ ಬದಿಗಿಟ್ಟು ಪಕ್ಕಕ್ಕೆ. ನನ್ನ ಹತ್ತರಲ್ಲಿ ಎರಡಕ್ಕಂತೂ ಪಕ್ಕಕ್ಕೇ ಗತಿ.

ಇನ್ನೊಂದು ಮಾತು. ಪಾರ್ಕು ಎಲ್ಲರದ್ದು. 175 ಗ್ರಾಂ ಗಟ್ಟಿ ಪ್ಲಾಸ್ಟಿಕ್ ಮರಕ್ಕೆ ಬಡಿದು ಯಾವ ಕಡೆ ಹಾರುತ್ತೋ ಹೇಳಕ್ಕಾಗಲ್ಲ. ದಾರಿಯಲ್ಲಿ ಯಾರಾದರೂ ವಾಕಿಂಗ್ ಹೋಗ್ತಿದ್ದರೆ ಅವರು ದಾಟುವ ತನಕ ಡಿಸ್ಕ್ ಕೈಯಲ್ಲೇ ಇರಲಿ. ಹಾಸ್ಟೆಲ್ ಹಿಂದೆ ನಾನು ಈಗ 30 ಮೀಟರ್ ಬಿಟ್ಟು 15ಕ್ಕೆ ಬಂದಿದ್ದೀನಿ. ಅಲ್ಲಿಂದ 5 ಡಿಗ್ರಿ ಸಿಗುತ್ತೆ.